ಬ್ರಿಟನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕಾರು: ಮೊದಲು ಮಾರುವವನು ಯಾರು ನೋಡಿ

ಹೊಸದಾಗಿ ಬಂದವರು ಕಾರು ಹುಡುಕುವಾಗ ಮೊದಲು ನೋಡುವುದು ಬೆಲೆ, ಆಮೇಲೆ ಎಷ್ಟು ಮೈಲಿ ಓಡಿದೆ ಅಂತ. ನನ್ನನ್ನು ಕೇಳಿದರೆ ಮೊದಲ ಪ್ರಶ್ನೆ ಬೇರೆ. ಮಾರುತ್ತಿರುವುದು ಡೀಲರೋ, ತನ್ನ ಸ್ವಂತ ಕಾರು ಮಾರುವ ಮನುಷ್ಯನೋ?

ಡೀಲರ್ ಆದರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ನಿಮ್ಮ ಬೆನ್ನಿಗಿದೆ. ಹಳೇ ಕಾರೇ ಇರಲಿ, ಅದರ ವಯಸ್ಸಿಗೆ, ಕೊಟ್ಟ ದುಡ್ಡಿಗೆ ತಕ್ಕ ಹಾಗೆ ಇರಬೇಕು. ಕೊಳ್ಳುವಾಗಲೇ ಇದ್ದ ದೋಷ 30 ದಿನದೊಳಗೆ ಬಯಲಾದರೆ ಕಾರು ವಾಪಸ್ ಕೊಟ್ಟು ಪೂರ್ತಿ ಹಣ ಕೇಳಬಹುದು. ಆದರೆ ಹೀಗೆ ನೇರವಾಗಿ ವಾಪಸ್ ಕೊಡುವಾಗ ದೋಷ ತೋರಿಸುವ ಹೊಣೆ ನಿಮ್ಮದು. ಬೇರೆ ಗ್ಯಾರೇಜಿನಲ್ಲಿ ತೋರಿಸಿ ವರದಿ ಬರೆಸಿಕೊಳ್ಳಿ.

ಫೋನ್ ಮಾಡಿದರೆ ಡೀಲರ್ ನಯವಾಗಿ, "ತಂದು ಬಿಡಿ, ನಮ್ಮ ಮೆಕ್ಯಾನಿಕ್ ನೋಡ್ತಾನೆ" ಅನ್ನುತ್ತಾನೆ. ಒಪ್ಪಿದರೆ ಹಕ್ಕೇನೂ ಹೋಗುವುದಿಲ್ಲ. ರಿಪೇರಿ ಮುಗಿಯುವವರೆಗೆ ಆ 30 ದಿನದ ಲೆಕ್ಕ ನಿಂತಿರುತ್ತದೆ. ಕಾರು ವಾಪಸ್ ಬಂದ ಮೇಲೆ ಉಳಿದ ದಿನಗಳು ಅಥವಾ 7 ದಿನ, ಯಾವುದು ಜಾಸ್ತಿಯೋ ಅಷ್ಟು ಸಿಗುತ್ತದೆ. ಮಾತಲ್ಲಿ ಏನೇ ಆಗಿರಲಿ, ಅವತ್ತೇ ಒಂದು ಇಮೇಲ್ ಹಾಕಿ. ಕಾರು ಬೇಡ ಅನ್ನುವುದಾದರೆ "ನಾನು ಈ ಕಾರನ್ನು ತಿರಸ್ಕರಿಸುತ್ತಿದ್ದೇನೆ" ಅಂತ ನೇರವಾಗಿ ಬರೆಯಿರಿ. ಸಂಕೋಚ ಬೇಡ. ನಮ್ಮವರು ಇಲ್ಲೇ ಮೆತ್ತಗಾಗುವುದು.

30 ದಿನ ದಾಟಿದರೆ ಡೀಲರ್‌ಗೆ ರಿಪೇರಿಗೆ ಒಂದು ಅವಕಾಶ ಕೊಡಬೇಕು. ಹೀಗೆ ರಿಪೇರಿ ಕೇಳುವಾಗ, 6 ತಿಂಗಳೊಳಗೆ ಕಂಡ ದೋಷ ಮೊದಲೇ ಇತ್ತು ಅಂತಲೇ ಕಾನೂನಿನ ಲೆಕ್ಕ. ಇರಲಿಲ್ಲ ಅಂತ ತೋರಿಸುವುದು ಅವನ ತಲೆನೋವು. ಆ ರಿಪೇರಿಯೂ ಕೈಕೊಟ್ಟರೆ ಕಾರು ವಾಪಸ್ ಕೊಡಬಹುದು, ಆದರೆ ನೀವು ಓಡಿಸಿದ್ದಕ್ಕೆ ಸ್ವಲ್ಪ ಹಣ ಮುರಿದುಕೊಳ್ಳಬಹುದು. ಬಿಲ್ಲಿನಲ್ಲಿ "ಸೋಲ್ಡ್ ಆ್ಯಸ್ ಸೀನ್" (ನೋಡಿ ಕೊಂಡಿದ್ದೀರಿ, ಆಮೇಲೆ ದೂರಬೇಡಿ) ಅಂತ ಡೀಲರ್ ಬರೆದಿದ್ದರೆ ಅದಕ್ಕೆ ಬೆಲೆ ಇಲ್ಲ.

ಸುಮ್ನೆ ಮನಸ್ಸು ಬದಲಾಯಿತು ಅಂದರೆ ಶೋರೂಮಿನಲ್ಲಿ ಕೊಂಡಿದ್ದನ್ನು ವಾಪಸ್ ತಗೊಳ್ಳಲೇಬೇಕು ಅಂತಿಲ್ಲ. ಪೂರ್ತಿ ಆನ್‌ಲೈನ್‌ನಲ್ಲೇ ಡೀಲರ್ ಹತ್ತಿರ ಕೊಂಡಿದ್ದರೆ 14 ದಿನ ಇದೆ.

ಖಾಸಗಿಯಾಗಿ ಕೊಂಡರೆ ಇದ್ಯಾವುದೂ ಇಲ್ಲ. ಮಾರುವ ಹಕ್ಕೇ ಅವನಿಗೆ ಇರಲಿಲ್ಲ, ಅಥವಾ ಹೇಳಿದ್ದೇ ಒಂದು, ಕೊಟ್ಟಿದ್ದೇ ಒಂದು ಅಂತಾದರೆ ಮಾತ್ರ ಜಗಳ ಆಡಬಹುದು. ಅದಕ್ಕೇ ಕೆಲವು ಡೀಲರ್‌ಗಳು ಮನೆಯ ಕಾರು ಅಂತ ನಾಟಕ ಆಡುತ್ತಾರೆ. ಫೋನಿನಲ್ಲಿ "ಕಾರಿನ ವಿಷಯ" ಅಂತಷ್ಟೇ ಹೇಳಿ. "ಯಾವ ಕಾರು?" ಅಂದನೋ, ಗೊತ್ತಾಯಿತಲ್ವಾ?

ಇನ್ನೊಂದು. ಊರಿನಲ್ಲಿ ಸಾಲ ಇದ್ದರೆ ಆರ್‌ಸಿಯಲ್ಲೇ ಬ್ಯಾಂಕಿನ ಹೆಸರು ಇರುತ್ತದೆ. ಇಲ್ಲಿನ ವಿ5ಸಿ ಲಾಗ್‌ಬುಕ್ಕಿನಲ್ಲಿ ಅದು ಇರುವುದಿಲ್ಲ. ಅದು ಮಾಲೀಕತ್ವದ ಪುರಾವೆಯೂ ಅಲ್ಲ ಅಂತ ಅದರ ಮೇಲೇ ಅಚ್ಚಾಗಿದೆ. ಫೈನಾನ್ಸ್ ಬಾಕಿ ಇದ್ದರೆ ಆ ಕಂಪನಿ ಕಾರಿಗಾಗಿ ನಿಮ್ಮ ಬಾಗಿಲಿಗೆ ಬರಬಹುದು. ಗೊತ್ತಿಲ್ಲದೆ ಕೊಂಡವರಿಗೆ ಸಾಮಾನ್ಯವಾಗಿ ಕಾನೂನಿನ ರಕ್ಷಣೆ ಇದೆ, ಆದರೂ ಆ ರಗಳೆ ಯಾಕೆ? ಸ್ವಲ್ಪ ದುಡ್ಡು ಕೊಟ್ಟು, ಬಾಕಿ ಇದೆಯಾ ಅಂತ ತೋರಿಸುವ ಹಿಸ್ಟರಿ ಚೆಕ್ ಮಾಡಿಸಿ. ಎಂಒಟಿ, ಅಂದರೆ ವರ್ಷಕ್ಕೊಮ್ಮೆ ಮಾಡಿಸುವ ಕಾರಿನ ತಪಾಸಣೆಯ ಚರಿತ್ರೆ ಸರ್ಕಾರದ ಸೈಟಿನಲ್ಲಿ ಪುಕ್ಕಟೆ. ವರ್ಷ ವರ್ಷದ ಮೈಲಿ ಲೆಕ್ಕ ಅಲ್ಲೇ ಸಿಗುತ್ತದೆ, ಮೀಟರ್ ತಿರುಗಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಡೀಲರ್‌ಗೆ ಮುಂಗಡವನ್ನಾದರೂ ಕ್ರೆಡಿಟ್ ಕಾರ್ಡಿನಲ್ಲಿ ಕೊಡಿ. ಕಾರಿನ ಬೆಲೆ 100 ಪೌಂಡ್ ದಾಟಿ 30,000 ಪೌಂಡ್ ಒಳಗಿದ್ದರೆ, ಡೀಲರ್ ಕೈಯೆತ್ತಿದಾಗ ಕಾರ್ಡ್ ಕಂಪನಿಯನ್ನೂ ಕೇಳಬಹುದು.

ಮುಂದೆ ನೀವೇ ಕಾರು ಮಾರುವಾಗ ಅವತ್ತೇ ಡಿವಿಎಲ್‌ಎಗೆ (ವಾಹನ ನೋಂದಣಿಯ ಸರ್ಕಾರಿ ಸಂಸ್ಥೆ) ಆನ್‌ಲೈನ್‌ನಲ್ಲಿ ತಿಳಿಸಿ. ಇಲ್ಲದಿದ್ದರೆ ಕೊಂಡವನ ದಂಡದ ಚೀಟಿಗಳು ನಿಮ್ಮ ಮನೆಗೇ ಬರುತ್ತವೆ. ಉಳಿದ ಪೂರ್ತಿ ತಿಂಗಳುಗಳ ವಾಹನ ತೆರಿಗೆ ವಾಪಸ್ ಬರುತ್ತದೆ, ಕೊಂಡವನು ತನ್ನ ತೆರಿಗೆ ತಾನೇ ಕಟ್ಟಿಕೊಳ್ಳಬೇಕು.