ಎಲ್ಲ ಡಿಸರ್ಟೇಶನ್‌ನಲ್ಲೂ 384

ನಾನು ಹಲ್ಲಿನ ಡಾಕ್ಟರ್. ಕೋಲಾರದಲ್ಲಿ ಸಣ್ಣ ಕ್ಲಿನಿಕ್ ಇದೆ. ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಹಳ್ಳಿಗಳಿಂದ ಬರುವ ಎಷ್ಟೋ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಕಲೆ. "ಮದುವೆ ಮಾತುಕತೆ ನಡೀತಿದೆ, ಬೆಳ್ಳಗೆ ಮಾಡಿಕೊಡಿ ಮೇಡಂ" ಎಂದು ತಾಯಂದಿರು ದೊಡ್ಡ ಹುಡುಗಿಯರನ್ನೂ ಕರೆತರುತ್ತಾರೆ. ಉಜ್ಜಿದರೆ ಹೋಗುವ ಕಲೆ ಅಲ್ಲ ಅದು. ಹಲ್ಲು ಇನ್ನೂ ದವಡೆಯೊಳಗೆ ಬೆಳೆಯುತ್ತಿರುವಾಗಲೇ ನೀರಿನ ಫ್ಲೋರೈಡ್ ಮಾಡಿದ ಕೆಲಸ. ಕುಡಿಯುವ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ನಮ್ಮ ಆಳದ ಬೋರ್‌ವೆಲ್‌ಗಳಲ್ಲಿ ಅದು ದಾಟುವುದು ಹೊಸ ಸುದ್ದಿಯೇನಲ್ಲ. ಒಬ್ಬೊಬ್ಬರ ಹಲ್ಲಿಗೆ ಬಣ್ಣ ಮುಚ್ಚುತ್ತಾ ಕೂತರೆ ಈ ಜನ್ಮಕ್ಕೆ ಮುಗಿಯುವುದಿಲ್ಲ ಅನ್ನಿಸಿತು. ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ, ಓದೋಣ ಎಂದು ಹೊರಟೆ.

ಮೊದಲ ವಾರ ಎಲ್ಲರ ಹಾಗೆ ವೆಬ್‌ಸೈಟ್ ನೋಡಿದೆ, ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟಕ್ಕೆ ಕೊಡುವ ನ್ಯಾಕ್ ಗ್ರೇಡ್ ಬರೆದುಕೊಂಡೆ. ಸುಮ್ನೆ ಟೈಮ್ ಹೋಯಿತು. ನ್ಯಾಕ್ ಕೊಡುವುದು ಇಡೀ ಸಂಸ್ಥೆಗೆ, ಅದರೊಳಗಿನ ಒಂದು ಕೋರ್ಸಿಗೆ ಅಲ್ಲ. ನಮ್ಮ ಬಿಡಿಎಸ್‌ಗೆ ಡೆಂಟಲ್ ಕೌನ್ಸಿಲ್ ಇದ್ದ ಹಾಗೆ ಎಂಪಿಎಚ್‌ಗೆ ಅಂತಲೇ ಒಂದು ಕೌನ್ಸಿಲ್ ಇಲ್ಲ. ಸಿಲಬಸ್ ಇಟ್ಟು ಹೋಲಿಸೋಣವೆಂದರೆ ಎಲ್ಲ ಕಡೆ ಅದೇ ಎಪಿಡೆಮಿಯಾಲಜಿ (ರೋಗ ಯಾರಿಗೆ, ಎಷ್ಟು, ಯಾಕೆ ಬರುತ್ತದೆ ಎಂದು ನೋಡುವ ಶಾಸ್ತ್ರ), ಬಯೋಸ್ಟ್ಯಾಟಿಸ್ಟಿಕ್ಸ್, ಪರಿಸರ ಆರೋಗ್ಯ, ಆರೋಗ್ಯ ಆಡಳಿತ. ಕೇಂದ್ರ ಆರೋಗ್ಯ ಸಚಿವಾಲಯ 2018ರಲ್ಲಿ ಮಾದರಿ ಪಠ್ಯಕ್ರಮವನ್ನೇ ಕೊಟ್ಟಿದೆ. ಕಾಗದದ ಮೇಲೆ ಎಲ್ಲರೂ ಒಂದೇ.

ಹಾಗಾಗಿ ಒಂದು ಶನಿವಾರ ಕ್ಲಿನಿಕ್ ಮುಚ್ಚಿ ಮೊದಲನೇ ವಿಶ್ವವಿದ್ಯಾಲಯಕ್ಕೆ ಹೋದೆ. ಅಡ್ಮಿಷನ್ ಕೌಂಟರ್‌ಗಲ್ಲ, ಲೈಬ್ರರಿಗೆ. ಹಳೆಯ ವಿದ್ಯಾರ್ಥಿಗಳು ಕೋರ್ಸಿಗಾಗಿ ಅಧ್ಯಯನ ಮಾಡಿ ಬರೆದ ಡಿಸರ್ಟೇಶನ್ ನೋಡಬೇಕು ಎಂದೆ. ಲೈಬ್ರರಿಯವರು ಒಂದು ಸಲ ನನ್ನನ್ನೇ ಮೇಲಿಂದ ಕೆಳಗೆ ನೋಡಿದರು. "ಅದನ್ನ ಯಾರೂ ಕೇಳಲ್ಲ ಮೇಡಂ" ಎಂದು ಬೀಗದ ಕೈ ಹುಡುಕಿ ತಂದರು. ಕಪ್ಪು ರಟ್ಟು, ಬಂಗಾರದ ಅಕ್ಷರ. ಸಂಜೆವರೆಗೆ 12 ಓದಿದೆ.

ಒಂಬತ್ತರಲ್ಲಿ ಸ್ಯಾಂಪಲ್, ಅಂದರೆ ಅಧ್ಯಯನಕ್ಕೆ ಆರಿಸಿಕೊಂಡ ಜನರ ಸಂಖ್ಯೆ, 384.

ಈ ಲೆಕ್ಕ ಹೇಗೆ ಬರುತ್ತದೆ ಎಂದು ಹೇಳಬೇಕು. ತೊಂದರೆ ನೂರರಲ್ಲಿ ಎಷ್ಟು ಜನಕ್ಕೆ ಇದೆ ಎಂದು ಏನೂ ಗೊತ್ತಿಲ್ಲದಿದ್ದರೆ 50 ಎಂದು ಇಟ್ಟುಕೊಳ್ಳುತ್ತಾರೆ. ಉತ್ತರ 5 ಆಚೀಚೆ ಆದರೆ ಪರವಾಗಿಲ್ಲ ಎನ್ನುತ್ತಾರೆ. 95 ಪರ್ಸೆಂಟ್ ನಂಬಿಕೆಗೆ ಸೂತ್ರ ಹಾಕಿದರೆ 384 ಬರುತ್ತದೆ. ಲೆಕ್ಕ ತಪ್ಪಲ್ಲ. ಆದರೆ ಡೆಂಗಿಗೂ 384, ಬಾಣಂತಿಯರ ರಕ್ತಹೀನತೆಗೂ 384, ಬೀಡಿ ಸೇದುವವರಿಗೂ 384 ಬಂದರೆ? ಯಾರೂ ತಮ್ಮ ವಿಷಯ ಹಿಡಿದು ಯೋಚನೆ ಮಾಡಿಲ್ಲ, ಹಿಂದಿನ ಬ್ಯಾಚಿನಿಂದ ಎತ್ತಿಕೊಂಡಿದ್ದಾರೆ ಎಂದರ್ಥ. ಹಳ್ಳಿ ಹಳ್ಳಿಯಾಗಿ ಗುಂಪಿನಲ್ಲಿ ಆರಿಸಿದ್ದವರೂ ಅದಕ್ಕೆ ಸಂಖ್ಯೆ ಹೆಚ್ಚಿಸಿರಲಿಲ್ಲ. ಒಂದೇ ಊರಿನ ಜನ ಒಂದೇ ಬೋರ್‌ವೆಲ್ ನೀರು ಕುಡಿಯುತ್ತಾರೆ, ಅಲ್ವಾ? ಅಲ್ಲಿ ಹತ್ತು ಮಕ್ಕಳ ಬಾಯಿ ನೋಡಿದರೂ ಗೊತ್ತಾಗುವುದು ಹೆಚ್ಚುಕಡಿಮೆ ಒಂದೇ ಸಂಗತಿ, ಹಾಗಾಗಿ ಇನ್ನೂ ಹೆಚ್ಚು ಜನರನ್ನು ನೋಡಬೇಕು.

ಕೊನೆಯ ಪುಟಗಳಲ್ಲಿ ಕನ್ನಡ ಪ್ರಶ್ನಾವಳಿ ಇತ್ತು. ಒಂದರಲ್ಲಿ "ಕೈ ತೊಳೆಯುವಿಕೆಯ ಕಡೆಗೆ ನಿಮ್ಮ ಮನೋಭಾವವು ಯಾವ ಮಟ್ಟದ್ದಾಗಿದೆ?" ಎಂದು ಬರೆದಿದ್ದರು. ಇದನ್ನು ನಮ್ಮ ಶ್ರೀನಿವಾಸಪುರದ ಅಜ್ಜಿಗೆ ಓದಿ ಹೇಳಿದರೆ ಅವರು ತೆಲುಗಿನಲ್ಲಿ ಏನು ಬೈಯುತ್ತಾರೋ ಊಹಿಸಿ ಒಬ್ಬಳೇ ನಕ್ಕೆ. ಅಲ್ಲಿ ಎಷ್ಟೋ ಮನೆಯ ಮಾತೇ ತೆಲುಗು. ಈ ಪ್ರಶ್ನೆಗಳನ್ನು ಯಾರೂ ಊರಿಗೆ ಒಯ್ದು ಕೇಳಿ ನೋಡಿರಲಿಲ್ಲ, ಅಷ್ಟು ಸ್ಪಷ್ಟ.

ಕೆಳಗೆ ಅಡ್ಮಿಷನ್‌ನವರು ಕಾಫಿ ಕೊಟ್ಟು, ಮುಗಿಸಿದ ತಕ್ಷಣ ಸರ್ಕಾರಿ ಕೆಲಸ ಖಾತ್ರಿ ಎಂದರು. ಎಪಿಡೆಮಿಯಾಲಜಿಸ್ಟ್ ಹುದ್ದೆಯ ಪ್ರಕಟಣೆಗಳನ್ನು ನಾನು ಓದಿದ್ದೆ. ಎಂಪಿಎಚ್ ಎಂದು ಇರುತ್ತದೆ ನಿಜ, ಪಕ್ಕದಲ್ಲೇ ಗುತ್ತಿಗೆ ಎಂದೂ ಇರುತ್ತದೆ. ಕಾಫಿ ಚೆನ್ನಾಗಿತ್ತು.

ಎರಡನೇ ಕಡೆ ಕಟ್ಟಡ ಹಳೆಯದು, ಲಿಫ್ಟ್ ಕೆಟ್ಟಿತ್ತು. ಅಲ್ಲಿ ಪಾಠ ಮಾಡುವವರೊಬ್ಬರು ಅರ್ಧ ಗಂಟೆ ಕೊಟ್ಟರು. ನಾನು ಎಲ್ಲ ಕಡೆ ಕೇಳಬೇಕೆಂದು ಒಂದೇ ಪ್ರಶ್ನೆ ಇಟ್ಟುಕೊಂಡು ಹೋಗಿದ್ದೆ: ನಮ್ಮ ತಾಲ್ಲೂಕಿನ ಮಕ್ಕಳಲ್ಲಿ ಫ್ಲೋರೋಸಿಸ್ (ಫ್ಲೋರೈಡ್‌ನಿಂದ ಹಲ್ಲಿಗೆ ಬರುವ ಈ ಕಲೆ) ಎಷ್ಟಿದೆ ಎಂದು ನೋಡಬೇಕಾದರೆ ಎಷ್ಟು ಜನರನ್ನು ನೋಡಬೇಕು? ಮೊದಲನೇ ಕಡೆ "ಸೇರಿಕೊಳ್ಳಿ, ಸೆಕೆಂಡ್ ಇಯರ್‌ನಲ್ಲಿ ಬರುತ್ತೆ" ಎಂದಿದ್ದರು. ಇವರು ನನ್ನನ್ನೇ ಕೇಳಿದರು. "ಯಾವ ವಯಸ್ಸು? ಕಲೆಯನ್ನ ಹೇಗೆ ಅಳೀತೀರಿ? ಆ ಮಕ್ಕಳು ಹುಟ್ಟಿದಾಗ ಯಾವ ನೀರು ಕುಡೀತಿದ್ರು, ಈಗ ಯಾವುದು?"

ಮೂರನೆಯದಕ್ಕೆ ನಾನು ತಡವರಿಸಿದೆ. ಅವರು ಎದ್ದು ಬೋರ್ಡ್ ಮೇಲೆ ಕೋಲಾರದ ಕೆರೆಗಳನ್ನು ಬರೆದರು. ಕೆ.ಸಿ. ವ್ಯಾಲಿ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ ಬಿಡುವುದು, ಅಂತರ್ಜಲ ಏರಲಿ ಎಂದು. ಅದರ ಜೊತೆಗೆ ಊರೂರಿಗೆ ಶುದ್ಧ ನೀರಿನ ಘಟಕ. "ಇವತ್ತಿನ ನೀರು ಪರೀಕ್ಷೆ ಮಾಡಿಸಿ 12 ವರ್ಷದ ಹುಡುಗನ ಹಲ್ಲಿಗೆ ತಾಳೆ ಹಾಕಿದ್ರೆ ಏನು ಹೇಳ್ದಂಗಾಯ್ತು ಡಾಕ್ಟ್ರೇ? ಆ ಹಲ್ಲು ಹತ್ತು ವರ್ಷದ ಹಿಂದಿನ ನೀರಿನ ಕತೆ ಹೇಳುತ್ತೆ." ಹದಿನಾಲ್ಕು ವರ್ಷ ಹಲ್ಲು ನೋಡಿದ ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಸಮೀಕ್ಷೆಗೆ ಜೋಡಿಸಿ ನೋಡಿರಲಿಲ್ಲ.

ಅಲ್ಲಿನ ಲೈಬ್ರರಿಯಲ್ಲೂ ಕೂತೆ. ಬೈಂಡಿಂಗ್ ಸಾಧಾರಣ, ಒಂದೆರಡರಲ್ಲಿ ಕಾಗುಣಿತ ತಪ್ಪು. ಸ್ಯಾಂಪಲ್ ಮಾತ್ರ 96, 210, 640, ಒಂದೊಂದಕ್ಕೂ ಬೇರೆ. ಒಬ್ಬ ಹುಡುಗಿ "ಮೂರು ಹಳ್ಳಿಯಲ್ಲಿ ಗಂಡಸರು ಕೆಲಸಕ್ಕೆ ಹೋಗಿರುತ್ತಿದ್ದರಿಂದ ರಾತ್ರಿ 8ಕ್ಕೆ ಮತ್ತೆ ಹೋದೆವು" ಎಂದು ಬರೆದಿದ್ದಳು. ಆ ಒಂದು ಸಾಲಿಗೆ ನಾನು ಫೀಸು ಕಟ್ಟಲು ತಯಾರಾದೆ.

ಮನೆಯಲ್ಲಿ ಲಿಫ್ಟಿನ ವಿಷಯವೇ ದೊಡ್ಡದಾಯಿತು. ಇರಲಿ.

ಈಗ ಎರಡನೇ ವರ್ಷ. ನನ್ನ ಸ್ಯಾಂಪಲ್ 330. ಫ್ಲೋರೋಸಿಸ್ ಸುಮಾರು 30 ಪರ್ಸೆಂಟ್ ಮಕ್ಕಳಿಗೆ ಇರಬಹುದೆಂದು ಅಂದಾಜಿಟ್ಟು, 7 ಆಚೀಚೆ ಒಪ್ಪಿಕೊಂಡರೆ 165 ಬಂತು. ಶಾಲೆ ಶಾಲೆಯಾಗಿ ಆರಿಸುವುದರಿಂದ ಎರಡರಷ್ಟು ಮಾಡಿದೆವು. 30 ಶಾಲೆ, ಶಾಲೆಗೆ 11 ಮಕ್ಕಳು, ಎಲ್ಲರಿಗೂ 12 ವರ್ಷ, ಕಲೆ ಎಷ್ಟು ತೀವ್ರ ಎಂದು ಹೇಳುವ ಡೀನ್ ಸೂಚ್ಯಂಕದಲ್ಲಿ ಅಳತೆ.

ಮೂರನೇ ಶಾಲೆಗೆ ಹೋದರೆ 12 ವರ್ಷದವರು ಇದ್ದದ್ದೇ 7 ಜನ. ಮೇಷ್ಟ್ರು ಪಾಪ, "13 ಆದವರನ್ನೂ ಬರ್ಕೊಳ್ಳಿ ಮೇಡಂ, ಯಾರು ಕೇಳ್ತಾರೆ" ಎಂದರು. ಹೊರಗೆ ಹುಣಸೆ ಮರದ ಕೆಳಗೆ ನಿಂತು ಗೈಡ್‌ಗೆ ಫೋನ್ ಮಾಡಿದೆ.

"ಪಕ್ಕದೂರಿನ ಶಾಲೆ ಸೇರಿಸ್ಕೊಳ್ಳಿ" ಎಂದರು. "ಯಾಕೆ ಸೇರಿಸಿದ್ರಿ ಅಂತ ಬರ್ದಿಡಿ. ಆಮೇಲೆ ಆ ಊರಿನ ಬೋರ್‌ವೆಲ್ ಬೇರೇನಾ ಕೇಳ್ಕೊಂಡು ಬನ್ನಿ."

ಬೇರೆಯೇ ಆಗಿತ್ತು.