ಗ್ರಂಥಾಲಯದಲ್ಲೊಂದು ಸಹಾಯದ ಮೇಜು

ಗ್ರಂಥಾಲಯಕ್ಕೆ ಬರುವವರೆಲ್ಲ ಓದಲೆಂದೇ ಬರುವುದಿಲ್ಲ. ಕೆಲಸ ಕಳೆದುಕೊಂಡವರು, ಪಿಂಚಣಿ ನಿಂತುಹೋದ ವೃದ್ಧರು, ಇರಲು ಸೂರಿಲ್ಲದವರು ಪತ್ರಿಕೆ ಹಿಡಿದು ಹೊತ್ತು ಕಳೆಯುವುದನ್ನು ನಮ್ಮ ವೃತ್ತಿಯವರೆಲ್ಲ ಬಲ್ಲರು. ಇವರಿಗಾಗಿ ಒಂದು ಮೇಜು ಹಾಕೋಣ ಎಂದಾಗ ಸಹೋದ್ಯೋಗಿಗಳು ಕೇಳಿದರು: "ಇದು ನಮ್ಮ ಕೆಲಸವೇ?" ನ್ಯಾಯವಾದ ಪ್ರಶ್ನೆಯೇ. ಸ್ಯಾನ್ ಫ್ರಾನ್ಸಿಸ್ಕೊ ಸಾರ್ವಜನಿಕ ಗ್ರಂಥಾಲಯ 2009ರಲ್ಲಿಯೇ ಪೂರ್ಣಾವಧಿಯ ಸಮಾಜ ಕಾರ್ಯಕರ್ತರೊಬ್ಬರನ್ನು ನೇಮಿಸಿಕೊಂಡಿತ್ತು. ನಮ್ಮಲ್ಲಿ ಅಂಥ ಹುದ್ದೆ ಇರಲಿಲ್ಲ. ಆದರೆ ಭಾರತದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಗಳಿಗೆಂದು ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಎನ್ನುತ್ತದೆ. ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವವರಿಗೂ ಅದು ಸಲ್ಲಬೇಕು ಎಂದು ವಾದಿಸಿದೆ.

"ನಿರ್ಗತಿಕರಿಗೆ ನೆರವು" ಎಂದು ಫಲಕ ಹಾಕಿದರೆ ಒಬ್ಬರೂ ಹತ್ತಿರ ಸುಳಿಯುವುದಿಲ್ಲ. "ಅರ್ಜಿ, ಪತ್ರ, ದಾಖಲೆಗಳ ಬಗ್ಗೆ ಇಲ್ಲಿ ಕೇಳಿ" ಎಂದಷ್ಟೇ ಬರೆಸಿದೆ. ಪುಸ್ತಕ ಪಡೆಯಲು ಸಾಲಿನಲ್ಲಿ ನಿಂತವರ ಕಿವಿಗೆ ಮಾತು ಬೀಳದಷ್ಟು ದೂರದಲ್ಲಿ ಮೇಜು ಹಾಕಿಸಿದೆ. ಕುರ್ಚಿಗಳು ಎದುರುಬದುರಾಗಿಲ್ಲ, ಪಕ್ಕಪಕ್ಕದಲ್ಲಿವೆ. ಒಂದೇ ಹಾಳೆಯನ್ನು ಇಬ್ಬರೂ ನೋಡುತ್ತ ನಾನು ಗಟ್ಟಿಯಾಗಿ ಓದಿದರೆ, ಓದಲು ಬಾರದವರು ಅದನ್ನು ಬಾಯಿಬಿಟ್ಟು ಹೇಳಬೇಕಾದ ಮುಜುಗರ ತಪ್ಪುತ್ತದೆ.

ಜನರು ಮೊದಲು ಕೇಳುವುದು ಅವರ ನಿಜವಾದ ಪ್ರಶ್ನೆಯನ್ನಲ್ಲ. "ಕಾನೂನಿನ ಪುಸ್ತಕ ಇದೆಯೇ?" ಎನ್ನುವವರ ಜೇಬಿನಲ್ಲಿ ಮನೆ ಖಾಲಿ ಮಾಡಿ ಎಂಬ ನೋಟಿಸ್ ಇರುತ್ತದೆ. "ಯಾಕೆ ಬೇಕು?" ಎಂದರೆ ಮಾತು ಅಲ್ಲಿಗೇ ಮುಗಿಯಿತು. "ಕಾಗದ ಏನಾದರೂ ಬಂದಿದೆಯೇ?" ಎಂದರೆ ನಾಲ್ಕು ಮಡಿಕೆಯ ಹಾಳೆ ಹೊರಬರುತ್ತದೆ. ಅದರಲ್ಲಿ ನಾನು ಮೊದಲು ಹುಡುಕುವುದು ಉತ್ತರಿಸಲು ಇರುವ ಕೊನೆಯ ದಿನಾಂಕವನ್ನು, ಮಿಕ್ಕದ್ದೆಲ್ಲ ಆಮೇಲೆ. ಕಾನೂನು ಸಲಹೆ ಕೊಡುವ ಗೋಜಿಗೆ ಹೋಗುವುದಿಲ್ಲ. ಉಚಿತ ಕಾನೂನು ನೆರವು ಕೇಂದ್ರಕ್ಕೆ ಅವರ ಎದುರಿನಲ್ಲಿಯೇ ಫೋನ್ ಮಾಡಿ, ಯಾರನ್ನು, ಎಷ್ಟು ಹೊತ್ತಿಗೆ, ಯಾವ ದಾಖಲೆಗಳೊಂದಿಗೆ ಕಾಣಬೇಕೆಂದು ಕೇಳಿ ಚೀಟಿಯಲ್ಲಿ ಬರೆದುಕೊಡುತ್ತೇನೆ. ಬರೀ ವಿಳಾಸ ಕೊಟ್ಟು ಕಳುಹಿಸಿದರೆ ಅದು ಸಾಗಹಾಕಿದಂತೆ.

ಆನ್‌ಲೈನ್ ಅರ್ಜಿ ತುಂಬುವಾಗ ಮೌಸ್ ಅವರ ಕೈಯಲ್ಲಿಯೇ ಇರುತ್ತದೆ, ಪಾಸ್‌ವರ್ಡ್ ಅವರೇ ಒತ್ತುತ್ತಾರೆ. ಎದ್ದುಹೋಗುವ ಮುನ್ನ ಲಾಗ್‌ಔಟ್ ಆಗಿದೆಯೇ ಎಂದು ಇಬ್ಬರೂ ನೋಡುತ್ತೇವೆ. ಇದಕ್ಕಿಂತ ದೊಡ್ಡ ಅಪಾಯ ಪ್ರಿಂಟರಿನದು. ಗುರುತಿನ ಚೀಟಿ, ಬ್ಯಾಂಕ್ ಖಾತೆ, ವೈದ್ಯರ ವರದಿ ಎಲ್ಲದರ ಮುದ್ರಿತ ಪ್ರತಿಗಳನ್ನೂ ಜನರು ಅಲ್ಲಿಯೇ ಮರೆತು ಹೋಗುತ್ತಾರೆ. ಬಾಗಿಲು ಹಾಕುವ ಮುನ್ನ ಅವನ್ನು ಚೂರು ಮಾಡುವುದು ನಮ್ಮ ದಿನಚರಿಯ ಭಾಗ.

ನಮ್ಮ ನೋಂದಣಿ ಪುಸ್ತಕದಲ್ಲಿ ಯಾರ ಹೆಸರೂ ಇಲ್ಲ. ಯಾವ ವಿಷಯಕ್ಕೆ ಬಂದರು, ಎಲ್ಲಿಗೆ ಕಳುಹಿಸಿದೆವು ಎಂಬುದಷ್ಟೇ ಇದೆ. ಮೇಲಧಿಕಾರಿಗಳು ಫಲಾನುಭವಿಗಳ ಪಟ್ಟಿ ಕೇಳಿದಾಗ (ಪಟ್ಟಿಯಿಲ್ಲದೆ ಅವರಿಗೆ ಯಾವುದೂ ನಡೆದಂತೆ ಕಾಣುವುದಿಲ್ಲ) ವಿಷಯವಾರು ಸಂಖ್ಯೆಗಳನ್ನು ಮಾತ್ರ ಕೊಟ್ಟೆ. ಆ ಸಂಖ್ಯೆಗಳನ್ನೇ ಮುಂದಿಟ್ಟು, ವಸತಿ ಸಮಸ್ಯೆ ಬಲ್ಲ ಸಮಾಜ ಕಾರ್ಯಕರ್ತರೊಬ್ಬರು ವಾರಕ್ಕೊಮ್ಮೆ ನಮ್ಮಲ್ಲಿಗೇ ಬಂದು ಕೂರುವಂತೆ ಒಪ್ಪಿಸಿದ್ದೇವೆ.