ಕತ್ತಿ ಪಕ್ಕದಲ್ಲಿ ಎಣ್ಣೆ ಬಾಟಲಿ

ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಆಶಾ ಕಾರ್ಯಕರ್ತೆ. ನಮ್ಮ ಕಡೆ ಮಂಗನ ಕಾಯಿಲೆ ಹೊಸದಲ್ಲ. 1957ರಲ್ಲಿ ಇದು ಮೊದಲು ಗೊತ್ತಾಗಿದ್ದೇ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ. ಆದರೂ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಇದರಿಂದ ಸಾವುಗಳಾದ 2019ರವರೆಗೆ ನಮ್ಮೂರಿನವರು ಅಷ್ಟಾಗಿ ಹೆದರಿರಲಿಲ್ಲ.

ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಕಾಡಿನ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ ಹುಳ, ಕಚ್ಚಿದರೆ ಬರುತ್ತದೆ. ಚಳಿಗಾಲ, ಬೇಸಿಗೆಯಲ್ಲಿ ಮರಿ ಉಣುಗುಗಳ ಕಾಟ ಜಾಸ್ತಿ. ಕೊಟ್ಟಿಗೆಗೆ ತರಗೆಲೆ, ಒಲೆಗೆ ಸೌದೆ ಅಂತ ಜನ ಕಾಡಿಗೆ ಹೋಗುವುದೂ ಆಗಲೇ. ಹೋಗಬೇಡಿ ಅಂದರೆ ಯಾರು ಕೇಳುತ್ತಾರೆ? ದನಕ್ಕೆ ಹಾಸಲು ಬೇಕಲ್ವಾ. ಹಾಗಾಗಿ ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆಯೇ ಗತಿ. ಮೊದಲೆಲ್ಲ ಡಿಎಂಪಿ ಅನ್ನುವ ಎಣ್ಣೆ ಕೊಡುತ್ತಿದ್ದೆವು, ಈಗ ಡೆಪಾ ಅನ್ನುವುದು.

ಮೊದಲ ವರ್ಷ ಬಾಟಲಿ ಹಂಚಿದೆ, ಸಹಿ ಹಾಕಿಸಿಕೊಂಡೆ, ಕೆಲಸ ಮುಗಿಯಿತು ಅಂದುಕೊಂಡೆ. ಮಾರ್ಚ್‌ನಲ್ಲಿ ಒಂದು ಮನೆಯ ಅಮ್ಮನಿಗೆ ಜ್ವರ ಬಂತು. ಹೋಗಿ ನೋಡಿದರೆ ಬಾಟಲಿಯ ಮುಚ್ಚಳವನ್ನೇ ತೆಗೆದಿಲ್ಲ! ಯಾಕಮ್ಮಾ ಅಂದೆ.

"ಹಚ್ಕೊಂಡ್ರೆ ಕತ್ತಿ ಹಿಡಿ ಜಾರತ್ತೆ ತಂಗಿ," ಅಂದರು.

ಪುಣ್ಯಕ್ಕೆ ಅವರ ರಕ್ತ ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಇರಲಿಲ್ಲ. ಆದರೆ ಆ ಮಾತು ನನಗೆ ಯಾವ ತರಬೇತಿಯಲ್ಲೂ ಸಿಕ್ಕಿರಲಿಲ್ಲ.

ಆಮೇಲೆ ನಾನೇ ಹಚ್ಚಿ ತೋರಿಸತೊಡಗಿದೆ. ಮೊದಲು ಕಾಲಿಗೆ, ಆಮೇಲೆ ತೋಳಿಗೆ, ಕೊನೆಗೆ ಅಂಗೈಯನ್ನು ಬಟ್ಟೆಯಲ್ಲಿ ಒರೆಸಿಕೊಳ್ಳುವುದು. ಬಾಟಲಿಯನ್ನು ಕತ್ತಿ ನೇತುಹಾಕುವ ಮೊಳೆಗೇ ಕಟ್ಟಿಸಿದೆ. ಕಾಡಿಗೆ ಹೊರಟವರ ಕೈ ಮೊದಲು ಹೋಗುವುದು ಅಲ್ಲಿಗೆ ತಾನೆ! ವಾಪಸ್ ಬಂದ ಮೇಲೆ ಬಿಸಿನೀರಿನ ಸ್ನಾನ, ಉಟ್ಟ ಬಟ್ಟೆಯೂ ಬಿಸಿನೀರಿಗೆ. "ಹಚ್ಚಿದ್ರಾ?" ಅಂತ ಈಗ ಕೇಳುವುದಿಲ್ಲ. ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಸುಮ್ನೆ ಬಾಟಲಿ ಎತ್ತಿ ಬೆಳಕಿಗೆ ಹಿಡಿಯುತ್ತೇನೆ. ಎಣ್ಣೆ ಇಳಿದಿದೆಯಾ ಇಲ್ಲವಾ ಅಂತ ಗೊತ್ತಾಗುತ್ತದೆ.

ಈ ಕಾಯಿಲೆಗೆ ಕೊಡುತ್ತಿದ್ದ ಹಳೆಯ ಲಸಿಕೆ 2022ರಲ್ಲಿ ನಿಂತ ಮೇಲಂತೂ ಈ ಬಾಟಲಿ ನೋಡುವ ಕೆಲಸ ತಪ್ಪಿಸಿಲ್ಲ.

ಕಳೆದ ಡಿಸೆಂಬರಿನಲ್ಲಿ ಆ ಅಮ್ಮನೇ ಫೋನ್ ಮಾಡಿದರು. "ಹಳ್ಳದ ಹತ್ರ ಮಂಗ ಸತ್ತು ಬಿದ್ದಿದೆ. ಹುಡುಗರನ್ನ ಆ ಕಡೆ ಬಿಟ್ಟಿಲ್ಲ, ನಾನೂ ಹೋಗಿಲ್ಲ." ಸತ್ತ ಮಂಗನ ಮೈಯಿಂದ ಉಣುಗು ಸುತ್ತಲೂ ಉದುರಿರುತ್ತದೆ. ತಕ್ಷಣ ಆಸ್ಪತ್ರೆಗೆ ತಿಳಿಸಿದೆ. ಸಂಜೆಯೊಳಗೆ ಸುತ್ತ ಉಣುಗು ಸಾಯಿಸುವ ಮೆಲಾಥಿಯಾನ್ ಪುಡಿ ಬಿತ್ತು.